ಕೊಂಡಿಯ ಮೇಲಿನ ಮುದ್ರೆ

ರಷ್ಯದ ಚಕ್ರವರ್ತಿಗಳ ಕಾಲದ ಪುಟ್ಟ ಮೊಟ್ಟೆ ಪದಕಗಳು ಹರಾಜಿಗೆ ಬಂದಾಗ ಕ್ಯಾಟಲಾಗಿನಲ್ಲಿ ಅಕ್ಕಪಕ್ಕದ ಎರಡು ಲಾಟ್‌ಗಳು ಅವಳಿಗಳಂತೆ ಕಾಣುವುದುಂಟು. ಎರಡೂ ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರ. ಎರಡರ ಮೇಲೂ ಅದೇ ಕೆಂಪು ಎನಾಮಲ್, ಸೊಂಟದ ಸುತ್ತ ಒಂದು ಸಾಲು ವಜ್ರದ ಚೂರು. ಆದರೆ ಒಂದು ಕೆಲವು ನೂರು ಪೌಂಡಿಗೆ ಹೋಗುತ್ತದೆ, ಇನ್ನೊಂದು ಹಲವು ಸಾವಿರಕ್ಕೆ. ಬೆಲೆಯ ಅಂತರ ಹುಟ್ಟುವುದು ಮೊಟ್ಟೆಯಿಂದಲ್ಲ, ಅದನ್ನು ತೂಗುಹಾಕುವ ಕೊಂಡಿಯಿಂದ. ನಾಲ್ಕೈದು ಮಿಲಿಮೀಟರ್ ಅಗಲದ ಆ ಚಿನ್ನದ ಬಳೆಯ ಮೇಲೆ ಎರಡು ಅಕ್ಷರ ಮತ್ತು 56 ಎಂಬ ಅಂಕಿ ಇರುತ್ತದೆ. ಅದು ರಷ್ಯದ ಆಸ್ಥಾನಕ್ಕೆ ಒಡವೆ ಮಾಡಿಕೊಡುತ್ತಿದ್ದ ಹೆಸರಾಂತ ಅಂಗಡಿ ಫಾಬರ್ಜೆಯ ಕುಶಲಕರ್ಮಿಯ ಮುದ್ರೆಯಾದರೆ ಬೆಲೆ ಹತ್ತು ಪಟ್ಟು.

ಬಹಳ ದಿನಗಳಿಂದ ಕಾಡುವ ಸಂಗತಿ ಇದೇ. ಇಡೀ ಒಡವೆಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವ ಭಾಗ ಕೊಂಡಿ. ಎಲ್ಲಕ್ಕಿಂತ ಸುಲಭವಾಗಿ ಬದಲಾಯಿಸಬಹುದಾದ್ದೂ ಅದೇ. ನಮ್ಮಲ್ಲಿ ಸರದ ಡಾಲರಿನ ಕೊಂಡಿ ಸವೆದರೆ ಅಕ್ಕಸಾಲಿಗರ ಕೈಗೆ ಕೊಟ್ಟು ಹೊಸದು ಹಾಕಿಸುತ್ತೇವೆ, ಹಳೆಯದು ಚೂರುಪಾರು ಚಿನ್ನದ ಲೆಕ್ಕಕ್ಕೆ ಸೇರುತ್ತದೆ. ರಷ್ಯದ ಆಗಿನ ರಾಜಧಾನಿ ಪೀಟರ್ಸ್‌ಬರ್ಗಿನ ಮೊಟ್ಟೆಗಳಿಗೂ ಪ್ಯಾರಿಸ್ಸಿನಲ್ಲೋ ಲಂಡನ್ನಿನಲ್ಲೋ ಹೀಗೇ ಆಗಿದೆ. ಕೊಂಡಿ ಬದಲಾದ ಅಸಲಿ ಮೊಟ್ಟೆ ಹೆಸರು ಕಳೆದುಕೊಂಡು ಅನಾಥವಾಯಿತು. ಮುದ್ರೆಯ ಕೊಂಡಿ ಸಿಕ್ಕಿಸಿಕೊಂಡ ಯಾವುದೋ ಮೊಟ್ಟೆ ರಾತ್ರೋರಾತ್ರಿ ಫಾಬರ್ಜೆ ಆಯಿತು. ಆದ್ದರಿಂದ ಈ ಪದಕಗಳನ್ನು ಓದುವ ಕ್ರಮವನ್ನೇ ತಿರುವಿಹಾಕಬೇಕು: ಮೈಯನ್ನು ಮೊದಲು ನೋಡಿ, ಮುದ್ರೆಯನ್ನು ಕೊನೆಗೆ.

ಉಳಿದದ್ದು ಏಕೆ ಇವೇ

ಈಸ್ಟರ್ ದಿನ ಆರ್ಥೊಡಾಕ್ಸ್ ರಷ್ಯನ್ನರು ಮೂರು ಸಲ ಮುತ್ತಿಟ್ಟು ಮೊಟ್ಟೆ ಕೊಟ್ಟುಕೊಳ್ಳುತ್ತಿದ್ದರು. ಉಳ್ಳವರ ಮನೆಯ ಹೆಣ್ಣುಮಕ್ಕಳಿಗೆ ಆ ಮೊಟ್ಟೆ ಪುಟ್ಟ ಪದಕವಾಗಿ ಬರುತ್ತಿತ್ತು. ವರ್ಷಕ್ಕೊಂದೆರಡು ಸೇರುತ್ತ ಹೋಗಿ ಸರವೇ ತುಂಬುತ್ತಿತ್ತು. ಫಾಬರ್ಜೆ ಮಾತ್ರವಲ್ಲ, ಹೆಸರೇ ಉಳಿಯದ ಎಷ್ಟೋ ಅಂಗಡಿಗಳವರು ಇವನ್ನು ಸಾವಿರಗಟ್ಟಲೆ ಮಾಡಿದರು. ಫಾಬರ್ಜೆ ಚಕ್ರವರ್ತಿಯ ಮನೆತನಕ್ಕೆ ಮಾಡಿಕೊಟ್ಟ 50 ದೊಡ್ಡ ಮೊಟ್ಟೆಗಳ ಕಥೆ ಎಲ್ಲರಿಗೂ ಗೊತ್ತು, ಅದನ್ನಿಲ್ಲಿ ಬಿಡೋಣ.

ಅರಮನೆಯ ನಿಜವಾದ ದೊಡ್ಡ ವಜ್ರದ ಪದಕಗಳು ಹರಾಜಿನಲ್ಲಿ ಕಾಣುವುದು ಅಪರೂಪ. ಅವುಗಳಲ್ಲಿ ಬಹುಪಾಲು ಮಾಡುತ್ತಿದ್ದದ್ದು ಫಾಬರ್ಜೆ ಅಲ್ಲ, ಬೋಲಿನ್ ಮನೆತನ. 1917ರ ಕ್ರಾಂತಿಯ ನಂತರ ಓಡಿಹೋದವರ ಹೊಟ್ಟೆ ಹೊರೆದದ್ದು ಈ ದೊಡ್ಡ ಹರಳುಗಳೇ. ಒಡವೆ ಕಳಚಿ, ಹರಳು ಬಿಡಿಸಿ, ಬಿಡಿಬಿಡಿಯಾಗಿ ಮಾರಿದರು. 1927ರ ಮಾರ್ಚ್ 16ರಂದು ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ರಷ್ಯದ ರಾಜ್ಯಾಭರಣಗಳ 124 ಲಾಟ್‌ಗಳು ಹರಾಜಾದವು. ಅಂಥ ಒಡವೆಗಳಲ್ಲಿ ಎಷ್ಟೋ ಆಮೇಲೆ ಇದ್ದ ರೂಪದಲ್ಲಿ ಉಳಿಯಲಿಲ್ಲ. ಪುಟ್ಟ ಎನಾಮಲ್ ಮೊಟ್ಟೆಯನ್ನು ಕಳಚಿದರೆ ಸಿಗುವುದಾದರೂ ಏನು? ಎರಡು ಮೂರು ಗ್ರಾಂ ಚಿನ್ನ, ಚಿಟಿಕೆಯಷ್ಟು ವಜ್ರದ ಪುಡಿ. ಒಡೆದರೆ ಲಾಭವಿಲ್ಲದ್ದರಿಂದಲೇ ಅವು ಇಡಿಯಾಗಿ ನಮ್ಮ ಕಾಲಕ್ಕೆ ಬಂದಿವೆ.

ಮೈ ಓದುವುದು

ಟೊಳ್ಳು ಮೊಟ್ಟೆಯನ್ನು ಎರಡು ಚಿಪ್ಪುಗಳಾಗಿ ಮಾಡಿ ಬೆಸೆಯುತ್ತಾರೆ. ಒಳಗಿನ ಗಾಳಿ ಹೋಗಲು ಎಲ್ಲಾದರೂ ಒಂದು ತೂತು ಬಿಡಲೇಬೇಕು, ಇಲ್ಲದಿದ್ದರೆ ಒಲೆಯಲ್ಲಿ ಉಬ್ಬಿ ಸಿಡಿಯುತ್ತದೆ. ಬಳಿಕ ಚಿನ್ನದ ಮೈಮೇಲೆ ಯಂತ್ರದಲ್ಲಿ ಅಲೆಯಲೆಯಾಗಿಯೋ ಸೂರ್ಯಕಿರಣದಂತೆಯೋ ಗೆರೆ ಕೊರೆಯುತ್ತಾರೆ. ಇದೇ ಗಿಯೋಶೆ. ಅದರ ಮೇಲೆ ಬಣ್ಣದ ಗಾಜಿನ ನಯವಾದ ಪುಡಿ ಹಚ್ಚಿ 700ರಿಂದ 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸುತ್ತಾರೆ. ಒಂದು ಪದರಕ್ಕೆ ಮುಗಿಯುವುದಿಲ್ಲ. ಐದಾರು ಸಲ ಹಚ್ಚಿ, ಐದಾರು ಸಲ ಸುಟ್ಟು, ಕೊನೆಗೆ ಗಂಟೆಗಟ್ಟಲೆ ಉಜ್ಜಿ ಹೊಳಪು ತರುತ್ತಾರೆ. ಚಪ್ಪಟೆ ತಟ್ಟೆಗಿಂತ ಉರುಟು ಮೈಗೆ ಈ ಕೆಲಸ ಎಷ್ಟೋ ಕಷ್ಟ, ಕರಗಿದ ಗಾಜು ಕೆಳಗಿಳಿಯಲು ನೋಡುತ್ತದೆ. ಫಾಬರ್ಜೆಯವರ ಬಳಿ 140ಕ್ಕೂ ಹೆಚ್ಚು ಎನಾಮಲ್ ಬಣ್ಣಗಳಿದ್ದವು ಎನ್ನುವುದಕ್ಕಿಂತ, ಇಷ್ಟು ಚಿಕ್ಕ ಉರುಟಿನ ಮೇಲೆ ಪದರ ಎಲ್ಲೂ ದಪ್ಪ-ತೆಳುವಾಗದಂತೆ ನಿಲ್ಲಿಸಿದರು ಎನ್ನುವುದೇ ಅವರ ಹೆಚ್ಚುಗಾರಿಕೆ.

ಹತ್ತು ಪಟ್ಟು ದೊಡ್ಡದು ತೋರಿಸುವ ಲೂಪ್ ಹಿಡಿದು ಮೊದಲು ಗೆರೆಗಳನ್ನು ನೋಡಬೇಕು. ಕೊರೆದ ಗೆರೆಯ ತಳ ಕನ್ನಡಿಯಂತೆ ಮಿನುಗುತ್ತದೆ, ಮೊಟ್ಟೆಯನ್ನು ತಿರುಗಿಸಿದಂತೆ ಬೆಳಕು ಗೆರೆಯಿಂದ ಗೆರೆಗೆ ಹಾರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿನಲ್ಲಿ ಗೆರೆಯ ಅಂಚು ಮೊಂಡು, ತಳ ಮರಳುಮರಳು, ಬೆಳಕು ಮಂಕು. ಗೆರೆಗಳು ಮೊಟ್ಟೆಯ ಎರಡು ತುದಿಗಳಲ್ಲಿ ಹೇಗೆ ಕೂಡುತ್ತವೆ ಎಂಬುದನ್ನು ತಪ್ಪದೆ ಗಮನಿಸಿ. ಅವಸರದ ಕೈ ಸಿಕ್ಕಿಬೀಳುವುದು ಅಲ್ಲೇ.

ಎರಡನೆಯದು ರಿಪೇರಿ. ಒಂದೇ ಸರದಲ್ಲಿ ಹತ್ತಾರು ಮೊಟ್ಟೆಗಳು ನೇತಾಡುತ್ತ ಒಂದಕ್ಕೊಂದು ತಾಗುತ್ತಿದ್ದವು, ಹಾಗಾಗಿ ಸೊಂಟದ ಉಬ್ಬಿನಲ್ಲೇ ಎನಾಮಲ್ ಚಕ್ಕೆ ಎದ್ದಿರುವುದು ಹೆಚ್ಚು. ಮತ್ತೆ ಒಲೆಗಿಟ್ಟರೆ ಹಳೆಯ ಪದರ ಬಿರುಕು ಬಿಡುವ ಅಥವಾ ಬಣ್ಣಗೆಡುವ ಅಪಾಯವಿದೆ, ಹರಳುಗಳನ್ನೂ ಬಿಚ್ಚಬೇಕಾಗುತ್ತದೆ. ಆದ್ದರಿಂದ ಬಹುತೇಕ ರಿಪೇರಿಗಾರರು ಬಣ್ಣದ ರಾಳ ತುಂಬಿಸುತ್ತಾರೆ. ಇದಕ್ಕೆ ತಣ್ಣನೆಯ ಎನಾಮಲ್ ಎಂಬ ಹೆಸರಿದೆ, ನಿಜದಲ್ಲಿ ಎನಾಮಲ್ ಅಲ್ಲವೇ ಅಲ್ಲ. ಹಗಲು ಬೆಳಕಿನಲ್ಲಿ ಕಣ್ಣಿಗೆ ಮೋಸವಾಗುತ್ತದೆ. ನೇರಳಾತೀತ ದೀಪದ ಕೆಳಗೆ ಸಾಮಾನ್ಯವಾಗಿ ರಾಳ ಗಾಜಿಗಿಂತ ಬೇರೆಯಾಗಿ ಹೊಳೆದು ತೇಪೆಯ ಗಡಿ ಎದ್ದು ಕಾಣುತ್ತದೆ. ಅಪಾರದರ್ಶಕ ಬಣ್ಣದಲ್ಲಿ ತೇಪೆ ಮುಚ್ಚಿಹೋಗಬಹುದು. ಪಾರದರ್ಶಕ ಎನಾಮಲಿನಲ್ಲಿ ಕೆಳಗಿನ ಗೆರೆ ಆ ಜಾಗದಲ್ಲಿ ಮಸುಕಾಗಿರುತ್ತದೆ, ಅದನ್ನು ಅಡಗಿಸುವುದು ಕಷ್ಟ.

ಮೂರನೆಯದು ಹರಳು. ಆ ಕಾಲದ ಚಿಕ್ಕ ವಜ್ರಗಳು ರೋಸ್ ಕಟ್: ತಳ ಚಪ್ಪಟೆ, ಮೇಲೆ ಗುಮ್ಮಟದಂಥ ಮುಖಗಳು. ಅವು ಒಂದೇ ಅಳತೆಯಲ್ಲಿರುವುದಿಲ್ಲ, ಇರಲೂಬಾರದು. ಯಂತ್ರದಲ್ಲಿ ಕಡಿದ, ಎಲ್ಲವೂ ತದ್ರೂಪಿಯಾದ ದುಂಡು ಬ್ರಿಲಿಯಂಟ್‌ಗಳ ಸಾಲು ಕಂಡರೆ ಒಂದೋ ಹರಳು ಬದಲಾಗಿದೆ, ಇಲ್ಲವೇ ಒಡವೆಯೇ ಹೊಸದು. ಕೆಂಪಿನ ಹರಳಿದ್ದರೆ ಅದರೊಳಗೆ ಗ್ರಾಮಫೋನ್ ತಟ್ಟೆಯಂಥ ಬಾಗಿದ ಗೆರೆಗಳಿವೆಯೇ ನೋಡಿ, ಇದ್ದರೆ ಅದು ಕೃತಕ ಕಲ್ಲು. ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ವೆರ್ನೇ ಜಗತ್ತಿಗೆ ತಿಳಿಸಿದ್ದು 1902ರಲ್ಲಿ. 1890ರ ದಶಕದ ಮುದ್ರೆ ಹೊತ್ತ ಪದಕದಲ್ಲಿ ಅಂಥ ಕಲ್ಲು ಕುಳಿತಿದ್ದರೆ ಅದಕ್ಕೆ ಉತ್ತರ ಬೇಕು. ಉರಲ್ ಪರ್ವತದ ಡೆಮಾಂಟಾಯ್ಡ್ ಎಂಬ ಹಸಿರು ಗಾರ್ನೆಟ್ ಹರಳಾದರೆ ಒಳ್ಳೆಯ ಸೂಚನೆ. ಅದರೊಳಗೆ ಕುದುರೆಬಾಲದಂತೆ ಹರಡಿದ ನೂಲಿನೆಳೆಗಳು ಕಂಡರೆ ಕಲ್ಲಿನ ಗುರುತು ಗಟ್ಟಿಯಾಗುತ್ತದೆ.

ಕೊನೆಗೆ ಕೊಂಡಿ ಕುಳಿತ ಬುಡ. ಇಲ್ಲಿ ಒಂದು ಸರಳ ತರ್ಕವಿದೆ. ಎನಾಮಲ್ ಆದಮೇಲೆ ಮೊಟ್ಟೆಯ ಮೈಗೆ ಚಿನ್ನದ ಬೆಸುಗೆ ಹಾಕುವುದೆಂದರೆ ಗಾಜನ್ನು ಬಲಿಕೊಟ್ಟಂತೆ. ಹಾಗಾಗಿ ಮೂಲ ಕುಶಲಕರ್ಮಿ ಬುಡದ ಗುಬಟನ್ನು ಎನಾಮಲಿಗೆ ಮೊದಲೇ ಬೆಸೆದಿರುತ್ತಾನೆ, ಅಥವಾ ಬೆಂಕಿಯಿಲ್ಲದೆ ಸಿಕ್ಕಿಸಿರುತ್ತಾನೆ. ಅಲ್ಲಿ ಬೂದುಬಣ್ಣದ ಸೀಸ-ತವರದ ಬೆಸುಗೆ ಕಂಡರೆ ಯಾರೋ ಆಮೇಲೆ ಕೈಹಾಕಿದ್ದಾರೆ ಎಂದೇ ಅರ್ಥ. ಈಗಿನ ಲೇಸರ್ ಬೆಸುಗೆಯಾದರೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬಿದ್ದ ದುಂಡು ಚುಕ್ಕೆಗಳು ಕಾಣುತ್ತವೆ. ಗುಬಟಿನೊಳಗೆ ತೂರಿಸಿದ ಬಳೆ ಮಾತ್ರ ಬೇರೆ. ಅದನ್ನು ಕತ್ತರಿಸಿ ಇನ್ನೊಂದು ಸಿಕ್ಕಿಸಲು ಮೊಟ್ಟೆಯನ್ನು ಮುಟ್ಟಬೇಕಾಗಿಯೇ ಇಲ್ಲ. ಮುದ್ರೆ ಇರುವುದು ಹೆಚ್ಚಾಗಿ ಆ ಬಳೆಯ ಮೇಲೆ!

ಅಂಕಿ, ತಲೆ, ಅಕ್ಷರ

ಈಗ ಮುದ್ರೆಗೆ ಬರೋಣ. 56 ಎಂದರೆ 56 ಝೊಲೊಟ್ನಿಕ್, ರಷ್ಯದ ಹಳೆಯ ತೂಕದ ಅಳತೆ. ಅಪ್ಪಟ ಚಿನ್ನಕ್ಕೆ 96 ಎಂಬ ಲೆಕ್ಕವಾದ್ದರಿಂದ 56 ಎಂದರೆ ಸಾವಿರಕ್ಕೆ 583, ನಮ್ಮ ಮಾತಿನಲ್ಲಿ 14 ಕ್ಯಾರೆಟ್. 916 ಹಾಲ್‌ಮಾರ್ಕಿಗೆ ಒಗ್ಗಿದವರಿಗೆ ಇದು ಕೀಳು ಚಿನ್ನ ಎನಿಸಬಹುದು. ಅಲ್ಲಿ ಅದೇ ದಿನಬಳಕೆಯ ಮಟ್ಟ. 72 ಎಂದರೆ 18 ಕ್ಯಾರೆಟ್, ದುಬಾರಿ ಕೆಲಸಕ್ಕೆ. ಬೆಳ್ಳಿಗೆ 84, 88, 91. ಚಿನ್ನದ ಕೊಂಡಿಯ ಮೇಲೆ 585 ಎಂದಿದ್ದರೆ ಆ ಕೊಂಡಿ ಚಕ್ರವರ್ತಿಗಳ ರಷ್ಯದ್ದಲ್ಲ. 583 ಎಂದಿದ್ದರೆ ಸೋವಿಯತ್ ಕಾಲದ್ದು.

ಅಂಕಿಯ ಪಕ್ಕದಲ್ಲಿ, ಚಿನ್ನದ ಶುದ್ಧತೆ ನೋಡುವ ಸರ್ಕಾರಿ ಪರೀಕ್ಷಾ ಕಚೇರಿಯ ಗುರುತು. 1899ರವರೆಗೆ ಪೀಟರ್ಸ್‌ಬರ್ಗಿಗೆ ಅಡ್ಡಡ್ಡ ಇಟ್ಟ ಎರಡು ಲಂಗರು ಮತ್ತು ರಾಜದಂಡ, ಮಾಸ್ಕೋಗೆ ಸರ್ಪವನ್ನು ಇರಿಯುವ ಸಂತ ಜಾರ್ಜ್. 1899ರಿಂದ 1908ರವರೆಗೆ ಕೊಕೊಶ್ನಿಕ್ ಎಂಬ ಶಿರೋಭೂಷಣ ತೊಟ್ಟ ಹೆಂಗಸಿನ ತಲೆ, ಎಡಕ್ಕೆ ಮುಖ, ಜೊತೆಗೆ ಪರೀಕ್ಷಾಧಿಕಾರಿಯ ಹೆಸರಿನ ಮೊದಲಕ್ಷರಗಳು. ಪೀಟರ್ಸ್‌ಬರ್ಗಿನಲ್ಲಿ ಯಾಕೊವ್ ಲ್ಯಾಪುನೊವ್, ಮಾಸ್ಕೋದಲ್ಲಿ ಇವಾನ್ ಲೆಬೆಡ್ಕಿನ್ ಹೆಸರು ಹೆಚ್ಚು ಕಾಣಸಿಗುತ್ತದೆ. 1908ರಿಂದ ಅದೇ ತಲೆ ಬಲಕ್ಕೆ ತಿರುಗುತ್ತದೆ, ಅಧಿಕಾರಿಯ ಬದಲು ಗ್ರೀಕ್ ಅಕ್ಷರ ಬರುತ್ತದೆ: ಪೀಟರ್ಸ್‌ಬರ್ಗಿಗೆ ಆಲ್ಫಾ, ಮಾಸ್ಕೋಗೆ ಡೆಲ್ಟಾ.

ಇದನ್ನು ಕುಶಲಕರ್ಮಿಯ ಕಾಲದೊಂದಿಗೆ ತಾಳೆ ಹಾಕಿದರೆ ಎಷ್ಟೋ ನಕಲುಗಳು ಅಲ್ಲೇ ಉದುರುತ್ತವೆ. ಫಾಬರ್ಜೆಯ ಮುಖ್ಯ ಕುಶಲಕರ್ಮಿ ಮಿಖಾಯಿಲ್ ಪೆರ್ಖಿನ್ ತೀರಿಕೊಂಡದ್ದು 1903ರಲ್ಲಿ. ಅವನ ಅಕ್ಷರಗಳ ಪಕ್ಕ ಬಲಕ್ಕೆ ನೋಡುವ ತಲೆ ಇದ್ದರೆ ಸತ್ತವನು ಬಂದು ಮುದ್ರೆ ಒತ್ತಿದಂತಾಯಿತು. ಅವನ ಜಾಗಕ್ಕೆ ಬಂದ ಹೆನ್ರಿಕ್ ವಿಗ್‌ಸ್ಟ್ರಮ್ ಮುದ್ರೆಯ ಪಕ್ಕ ಹಳೆಯ ಲಂಗರಿನ ಗುರುತಿದ್ದರೂ ಅದೇ ತೊಂದರೆ. ಕೆಲವು ಕಡೆ ಮಾತ್ರ ಎಚ್ಚರ ಬೇಕು. ಆಗಸ್ಟ್ ಹೋಮ್‌ಸ್ಟ್ರಮ್ 1903ರಲ್ಲಿ ತೀರಿಕೊಂಡರೂ ಮಗ ಆಲ್ಬರ್ಟ್ ಅಪ್ಪನ ಎ ಎಚ್ ಮುದ್ರೆಯನ್ನೇ ಮುಂದುವರಿಸಿದ. ಅದೇ ಎರಡು ಅಕ್ಷರಗಳ ನಡುವೆ ಒಂದು ನಕ್ಷತ್ರ ಇದ್ದರೆ ಅದು ಹೋಮ್‌ಸ್ಟ್ರಮ್ ಅಲ್ಲ, ಆಗಸ್ಟ್ ಹೊಲ್ಮಿಂಗ್. ಎ ಟಿ ಎಂದರೆ ಫಾಬರ್ಜೆಯ ಆಲ್‌ಫ್ರೆಡ್ ಟೀಲೆಮನ್ ಇರಬಹುದು, ಪ್ರತಿಸ್ಪರ್ಧಿ ಅಂಗಡಿಯ ಅಲೆಕ್ಸಾಂಡರ್ ಟಿಲಾಂಡರ್ ಕೂಡ ಇರಬಹುದು. ಸವೆದ ಕೊಂಡಿಯ ಮೇಲೆ ನಕ್ಷತ್ರವೊಂದು ಅಳಿಸಿಹೋದರೆ ಹೆಸರೇ ಬದಲಾಗುತ್ತದೆ.

ಮುದ್ರೆ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಈ ಚಿಕ್ಕ ಪದಕಗಳಲ್ಲಿ ತಲೆಕೆಳಗು. ಅಸಲಿ ಮೊಟ್ಟೆಗಳಲ್ಲಿ ಬಹುಪಾಲಿಗೆ ಕುಶಲಕರ್ಮಿಯ ಎರಡಕ್ಷರ ಮತ್ತು 56, ಅಷ್ಟೇ. ಪೂರ್ಣ ಹೆಸರು ಒತ್ತಲು ಜಾಗವೇ ಇರಲಿಲ್ಲ. ನಕಲಿಗಾರ ಕೊಳ್ಳುವವನಿಗೆ ಧೈರ್ಯ ತುಂಬಲು ರಷ್ಯದ ಎರಡು ತಲೆಯ ಹದ್ದು, ಪೂರ್ಣ ಹೆಸರು, ಅಕ್ಷರ, ತಲೆ ಎಲ್ಲವನ್ನೂ ತುರುಕುತ್ತಾನೆ. ಅದರಲ್ಲೂ ಒಂದು ಎಡವಟ್ಟು ಪದೇಪದೇ ಕಾಣುತ್ತದೆ. ಹದ್ದಿನ ಕೆಳಗೆ ಕೆ. ಫಾಬರ್ಜೆ ಎಂದು ಒತ್ತುವುದು ಮುಖ್ಯವಾಗಿ ಮಾಸ್ಕೋ ಶಾಖೆಯ ರೂಢಿ. ಪೀಟರ್ಸ್‌ಬರ್ಗಿನ ಚಿನ್ನದ ಕೆಲಸದಲ್ಲಿ ಸಾಮಾನ್ಯವಾಗಿ ಮುಂದಿನ ಕೆ ಇಲ್ಲದ ಬರಿಯ ಫಾಬರ್ಜೆ, ಜೊತೆಗೆ ಕುಶಲಕರ್ಮಿಯ ಅಕ್ಷರ. ಪೆರ್ಖಿನ್ ಅಕ್ಷರಗಳೂ ಮಾಸ್ಕೋ ಮಾದರಿಯ ಹದ್ದೂ ಒಂದೇ ಪುಟ್ಟ ಪದಕದ ಮೇಲಿದ್ದರೆ ಅನುಮಾನ ನ್ಯಾಯವೇ. ಸವಕಳಿಯನ್ನೂ ತೂಗಿನೋಡಿ: ಬಳೆಯ ಒಳಬದಿ ಸರ ಉಜ್ಜಿ ತೆಳುವಾಗಿದ್ದು ಹೊರಗಿನ ಮುದ್ರೆ ಮಾತ್ರ ನಿನ್ನೆ ಒತ್ತಿದಂತೆ ಚೂಪಾಗಿದ್ದರೆ ಎರಡೂ ಒಂದೇ ವಯಸ್ಸಿನವಲ್ಲ.

ಮುದ್ರೆಯಿಲ್ಲದ ಹಿಮ

ಇದೆಲ್ಲ ಹೇಳಿದ ಮೇಲೆ, ಮುದ್ರೆಯೇ ಇಲ್ಲದೆ ಅಸಲಿಯಾಗಿ ನಿಲ್ಲುವ ಪದಕಗಳ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಆಲ್ಮಾ ಪಿಲ್ ಆಗಸ್ಟ್ ಹೋಮ್‌ಸ್ಟ್ರಮ್‌ನ ಮೊಮ್ಮಗಳು. 1888ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಆಕೆ ಸೋದರಮಾವ ಆಲ್ಬರ್ಟ್‌ನ ಕಾರ್ಖಾನೆಗೆ ಒಡವೆಗಳ ಚಿತ್ರ ಬರೆದಿಡುವ ಕೆಲಸಕ್ಕೆ ಸೇರಿದವಳು. ತೈಲೋದ್ಯಮಿ ಎಮಾನ್ಯುಯೆಲ್ ನೊಬೆಲ್ ತನ್ನ ವ್ಯವಹಾರದ ಗೆಳೆಯರ ಹೆಂಡತಿಯರಿಗೆ ಕೊಡಲು 40 ಒಡವೆ ಬೇಕೆಂದು ಅವಸರದಲ್ಲಿ ಕೇಳಿದ. ವಿನ್ಯಾಸ ಹೊಸದಾಗಿರಬೇಕು, ಸಾಮಗ್ರಿ ಮಾತ್ರ ಲಂಚ ಎನಿಸುವಷ್ಟು ಬೆಲೆಬಾಳಬಾರದು. ಚಳಿಗಾಲ. ಕಿಟಕಿಗಳಿಂದ ತಣ್ಣನೆ ಗಾಳಿ ನುಸುಳುವ ಆ ಕೋಣೆಯಲ್ಲಿ ಗಾಜಿನ ಮೇಲೆ ಹಿಮದ ಹೂಗಳು ಮೂಡಿದ್ದವು, ಅವಳು ಅದನ್ನೇ ಬರೆದಳು. ಪ್ಲಾಟಿನಂ, ಬೆಳ್ಳಿ, ರೋಸ್ ಕಟ್ ವಜ್ರ, ಸ್ಫಟಿಕ. ಸ್ಫಟಿಕದ ತುಂಡಿಗೆ ಮಂಜುಗಡ್ಡೆಯ ಮೈ ಕೊಟ್ಟು ಅದರ ಮೇಲೆ ಹಿಮದ ಎಳೆಗಳನ್ನು ಹರಿಸಿದ ಪದಕಗಳು ಹೀಗೆ ಹುಟ್ಟಿದವು. ಅರಮನೆಗೆ ಮಾಡಿದ ದೊಡ್ಡ ಮೊಟ್ಟೆಗಳಲ್ಲಿ ಒಂದಾದ, 1913ರ ‘ಚಳಿಗಾಲದ ಮೊಟ್ಟೆ’ಯೂ ಅವಳದೇ ವಿನ್ಯಾಸ. 2002ರಲ್ಲಿ 96 ಲಕ್ಷ ಡಾಲರ್, 2025ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ 2 ಕೋಟಿ 29 ಲಕ್ಷ ಪೌಂಡ್ ತಂದದ್ದು ಅದೇ.

ಕ್ರಾಂತಿಯ ನಂತರ 1921ರಲ್ಲಿ ಆಕೆ ಫಿನ್ಲೆಂಡಿಗೆ ಹೋಗಿ, ಕೂಸಂಕೊಸ್ಕಿ ಎಂಬ ಊರಿನ ಶಾಲೆಯಲ್ಲಿ ಚಿತ್ರಕಲೆ ಮತ್ತು ಅಂದದ ಬರಹ ಕಲಿಸುತ್ತ ದಶಕಗಳನ್ನು ಕಳೆದಳು. 1976ರಲ್ಲಿ ತೀರಿಕೊಂಡಳು. ಎದುರಿಗೆ ಕುಳಿತ ಮಕ್ಕಳಿಗೆ ತಮ್ಮ ಟೀಚರ್ ಯಾರ ಅರಮನೆಗೆ ಏನು ಮಾಡಿಕೊಟ್ಟವರು ಎಂಬುದು ಗೊತ್ತಿರಲಿಲ್ಲ.

ಪ್ಲಾಟಿನಂ ಒಡವೆಗಳ ಮೇಲೆ ಆಗ ಮುದ್ರೆ ಇಲ್ಲದಿರುವುದು ಸಾಮಾನ್ಯ. ಹಾಗಾದರೆ ಇವನ್ನು ಗುರುತಿಸಿದ್ದು ಹೇಗೆ? ಹೋಮ್‌ಸ್ಟ್ರಮ್ ಕಾರ್ಖಾನೆಯ 1909ರಿಂದ 1915ರವರೆಗಿನ ಎರಡು ದಾಸ್ತಾನು ಪುಸ್ತಕಗಳು ಲಂಡನ್ನಿನಲ್ಲಿ ಸಿಕ್ಕವು. ಒಂದೊಂದು ಒಡವೆಯ ಬಣ್ಣದ ಚಿತ್ರ, ಮುಗಿಸಿದ ದಿನ, ಹರಳಿನ ವಿವರ ಅಲ್ಲಿವೆ. ಯಾರದೋ ಪೆಟ್ಟಿಗೆಯ ಹೆಸರಿಲ್ಲದ ಹಿಮದ ಪದಕ ಆ ಪುಟದ ಚಿತ್ರಕ್ಕೆ ಎಳೆಎಳೆಯಾಗಿ ಹೊಂದಿದರೆ ಯಾವ ಕೊಂಡಿಯ ಸಾಕ್ಷಿಯೂ ಬೇಡ. ಆ ಪುಸ್ತಕಗಳ ಮುಂದೆ ಮುದ್ರೆ ನಿಜಕ್ಕೂ ಚಿಕ್ಕದಾಗಿ ಕಾಣುತ್ತದೆ.

ಇಂಪೀರಿಯಲ್ ಎಂಬ ಮಾತು

ಗಂಡಭೇರುಂಡ ನೋಡಿ ಬೆಳೆದ ಕಣ್ಣಿಗೆ ಎರಡು ತಲೆಯ ಹದ್ದು ಕಂಡೊಡನೆ ಅರಮನೆ ನೆನಪಾಗುವುದು ಸಹಜ. ಆದರೆ ಫಾಬರ್ಜೆಯ ಹೆಸರಿನ ಮೇಲೆ ಒತ್ತಿದ ಹದ್ದಿಗೆ ಅರ್ಥ ಇಷ್ಟೇ: ಈ ಅಂಗಡಿಗೆ ಆಸ್ಥಾನಕ್ಕೆ ಸರಬರಾಜು ಮಾಡುವ ಸನ್ನದು ಇದೆ. ಆ ಸನ್ನದು ಸಿಕ್ಕದ್ದು 1885ರಲ್ಲಿ. ಅದೇ ಮುದ್ರೆಯ ಒಡವೆಯನ್ನು ಯಾವ ವರ್ತಕನ ಹೆಂಡತಿಯೂ ಅಂಗಡಿಗೆ ಹೋಗಿ ಕೊಳ್ಳಬಹುದಿತ್ತು.

ನಿಜವಾದ ಇಂಪೀರಿಯಲ್ ಪದಕ, ಅಂದರೆ ಚಕ್ರವರ್ತಿಯ ಕಡೆಯಿಂದಲೇ ಹೊರಟದ್ದು, ಬೇರೆ. ಚಕ್ರವರ್ತಿಯ ಕ್ಯಾಬಿನೆಟ್ ಎಂಬ ಕಚೇರಿ ಬಹುಮಾನವಾಗಿ ಕೊಡಲು ಫಾಬರ್ಜೆ, ಹಾನ್, ಬೋಲಿನ್ ಮೊದಲಾದವರಿಂದ ಒಡವೆ ತರಿಸಿ ಇಡುತ್ತಿತ್ತು. 1913ರ ರೊಮಾನೊವ್ ರಾಜವಂಶದ ಮುನ್ನೂರನೆಯ ವರ್ಷದ ಹಬ್ಬಕ್ಕೆ, ಪಟ್ಟಾಭಿಷೇಕದ ಹಳೆಯ ಮೊನೊಮಾಖನ ಕಿರೀಟದ ಚಿತ್ರವಿರುವ ಪದಕ, ಬ್ರೂಚ್‌ಗಳು ಹೊರಟದ್ದು ಹೀಗೆ. ಯಾವುದು, ಯಾವ ದಿನ, ಯಾರಿಗೆ, ಎಷ್ಟು ರೂಬಲ್ ಬೆಲೆಯದು ಎಂದು ಲೆಕ್ಕ ಬರೆದಿಡುತ್ತಿದ್ದರು. ಆ ಕಾಗದಗಳು ಪೀಟರ್ಸ್‌ಬರ್ಗಿನ ರಷ್ಯನ್ ರಾಜ್ಯ ಐತಿಹಾಸಿಕ ಪತ್ರಾಗಾರದಲ್ಲಿವೆ. ಒಡವೆಯ ಬದಲು ಹಣ ಬೇಕೆಂದವರು ಕ್ಯಾಬಿನೆಟ್ಟಿಗೇ ಹಿಂದಿರುಗಿಸುವ ಅವಕಾಶವಿತ್ತು, ಹಿಂದೆ ಬಂದದ್ದನ್ನು ಇನ್ನೊಬ್ಬರಿಗೆ ಕೊಡುತ್ತಿದ್ದರು. ಹಾಗಾಗಿ ಒಂದೇ ಒಡವೆಗೆ ಇಬ್ಬರ ಹೆಸರು ಸಿಕ್ಕರೆ ದಾಖಲೆ ಸುಳ್ಳೆಂದು ತಳ್ಳಿಹಾಕಬೇಡಿ. ಸಾಧಾರಣ ಪದಕದ ಮೇಲೆ ಆಮೇಲೆ ಹದ್ದನ್ನೋ ಕಿರೀಟವನ್ನೋ ಅಂಟಿಸಿ ಇಂಪೀರಿಯಲ್ ಮಾಡುವವರೂ ಇದ್ದಾರೆ. ಅದಕ್ಕೇ ಹಿಂಬದಿಯ ಫೋಟೋ ಮುಂಬದಿಗಿಂತ ಮುಖ್ಯ: ಅರ್ಥವಿಲ್ಲದ ತೂತು, ಹೊಸ ಬೆಸುಗೆ, ಸುತ್ತಲಿನ ಬಣ್ಣಕ್ಕೆ ಹೊಂದದ ಚಿನ್ನ ಅಲ್ಲೇ ಕಾಣುತ್ತವೆ.

ಗಟ್ಟಿ ಹಿನ್ನೆಲೆ ಎಂದರೇನು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಚಕ್ರವರ್ತಿಯ ಮನೆತನದ ಗ್ರ್ಯಾಂಡ್ ಡಚೆಸ್ ಮರಿಯಾ ಪಾವ್ಲೊವ್ನಾಗೆ ಸೇರಿದ ಸಿಗರೇಟ್ ಪೆಟ್ಟಿಗೆ, ಕಫ್‌ಲಿಂಕ್‌ಗಳನ್ನು 1918ರ ನವೆಂಬರಿನಲ್ಲಿ ದಿಂಬಿನ ಚೀಲಗಳಲ್ಲಿ ತುಂಬಿ ಪೆಟ್ರೊಗ್ರಾಡಿನ (1914ರಲ್ಲಿ ಪೀಟರ್ಸ್‌ಬರ್ಗಿಗೆ ಇಟ್ಟ ಹೆಸರು) ಸ್ವೀಡನ್ ರಾಯಭಾರ ಕಚೇರಿಗೆ ಒಪ್ಪಿಸಲಾಗಿತ್ತು. ಅವು ಸ್ಟಾಕ್‌ಹೋಮಿನ ವಿದೇಶಾಂಗ ಇಲಾಖೆಯ ಉಗ್ರಾಣದಲ್ಲಿ ಸುಮಾರು 90 ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದವು. 2009ರ ನವೆಂಬರಿನಲ್ಲಿ ಸೋದೆಬೀಸ್‌ನಲ್ಲಿ ಹರಾಜಾದಾಗ ಸುಮಾರು 70 ಲಕ್ಷ ಪೌಂಡ್ ಬಂತು. ಕೊಂಡವರು ಬೆಲೆ ಕೊಟ್ಟದ್ದು ಒಡವೆಗೆ ಎಷ್ಟೋ, ಯಾರ ಕೈಯೂ ತಾಗದ ಆ ಚೀಲಕ್ಕೂ ಅಷ್ಟೇ.

ಕೈ ಎತ್ತುವ ಮೊದಲು

2022ರಲ್ಲಿ ಸೋದೆಬೀಸ್, ಕ್ರಿಸ್ಟೀಸ್, ಬೋನಮ್ಸ್ ಮೂರೂ ಲಂಡನ್ನಿನ ಜೂನ್ ತಿಂಗಳ ರಷ್ಯನ್ ಹರಾಜುಗಳನ್ನು ಕೈಬಿಟ್ಟವು. ಆಮೇಲೆ ಇಂಥ ಪದಕಗಳು ಸಾಮಾನ್ಯ ಒಡವೆಗಳ ಹರಾಜಿನಲ್ಲೂ ಚಿಕ್ಕ ಊರಿನ ಹರಾಜು ಮನೆಗಳಲ್ಲೂ ಚದುರಿ ಬರುತ್ತವೆ. ಅಲ್ಲಿ ವಿವರಣೆ ಬರೆಯುವವರು ಈ ವಿಷಯದ ತಜ್ಞರೇ ಆಗಿರಬೇಕೆಂದಿಲ್ಲ. ಕ್ಯಾಟಲಾಗಿನ ಮಾತನ್ನು ಅಕ್ಷರಶಃ ಓದಬೇಕು. ಶೀರ್ಷಿಕೆಯಲ್ಲಿ ಫಾಬರ್ಜೆ, ಕುಶಲಕರ್ಮಿ ಇಂಥವನು ಎಂದು ನೇರವಾಗಿ ಬರೆದಿದ್ದರೆ ಹರಾಜು ಮನೆ ತನ್ನ ಅಭಿಪ್ರಾಯಕ್ಕೆ ಹೊಣೆ ಹೊತ್ತಿದೆ. ಫಾಬರ್ಜೆ ಶೈಲಿಯ, ಫಾಬರ್ಜೆ ಎಂಬ ಮುದ್ರೆ ಹೊತ್ತಿರುವ ಎಂಬಂಥ ಮಾತುಗಳಿದ್ದರೆ ಹೊಣೆ ಹೊತ್ತಿಲ್ಲ. ಫೋಟೋ ನೋಡಿ ಬಿಡ್ ಮಾಡಬೇಡಿ. ಬರಹದಲ್ಲಿ ಕೇಳಿ ಪಡೆಯಬೇಕಾದ್ದು: ಸ್ಥಿತಿಯ ವರದಿ, ಗ್ರಾಂ ತೂಕ, ಕೊಂಡಿ ಸೇರಿಸಿ ಮತ್ತು ಬಿಟ್ಟು ಎತ್ತರ, ಕೊಂಡಿಯ ಎರಡೂ ಬದಿಯ ಹತ್ತಿರದ ಚಿತ್ರ, ನೇರಳಾತೀತ ಬೆಳಕಿನ ಚಿತ್ರ. ಪೆಟ್ಟಿಗೆ ಇದ್ದರೆ ಅದರ ಕುಳಿ ಪದಕದ ಆಕಾರಕ್ಕೆ ಬಿಗಿಯಾಗಿ ಕೂರುತ್ತದೆಯೇ ಎಂದೂ ಕೇಳಿ. ಒಳಬಟ್ಟೆಯ ಮೇಲೆ ಪೆಟ್ರೊಗ್ರಾಡ್ ಎಂದಿದ್ದರೆ ಆ ಪೆಟ್ಟಿಗೆ 1914ಕ್ಕೆ ಮೊದಲಿನದಾಗಲು ಸಾಧ್ಯವಿಲ್ಲ. ಪದಕದಲ್ಲಿ ದಂತದ ಮೇಲೆ ಬರೆದ ಚಿಕ್ಕ ಭಾವಚಿತ್ರವಿದ್ದರೆ, ಎಷ್ಟು ಹಳೆಯದಾದರೂ ಗಡಿ ದಾಟಿಸುವುದು ಕಷ್ಟ. ಕೊಳ್ಳುವ ಮೊದಲೇ ಎರಡೂ ದೇಶದ ನಿಯಮ ನೋಡಿಕೊಳ್ಳಿ.

ಲೆಕ್ಕವನ್ನೂ ಮೊದಲೇ ಹಾಕಿ. ಸುತ್ತಿಗೆ 4,000 ಪೌಂಡಿಗೆ ಬಿತ್ತೆನ್ನಿ. ಹರಾಜು ಮನೆಯ ಕಮಿಷನ್ ಶೇ 26 ಎಂದುಕೊಂಡರೆ 1,040. ಬ್ರಿಟನ್ನಿನಲ್ಲಿ ಆ ಕಮಿಷನ್ ಮೇಲೆ ಶೇ 20 ವ್ಯಾಟ್, 208. ಲಾಟಿನ ಪಕ್ಕ ಆಮದಾದದ್ದೆಂಬ ಗುರುತಿದ್ದರೆ ಸುತ್ತಿಗೆ ಬೆಲೆಯ ಶೇ 5, ಅಂದರೆ 200. ಅಲ್ಲಿಗೆ 5,448. ಆನ್‌ಲೈನ್ ವೇದಿಕೆಯ ಮೂಲಕ ಬಿಡ್ ಮಾಡಿದರೆ ಕೆಲವು ಮನೆಗಳು ಇನ್ನೂ ಶೇ 3ರಿಂದ 5 ಸೇರಿಸುತ್ತವೆ. ಸಾಗಣೆ, ವಿಮೆ, ತಲುಪುವ ದೇಶದ ಸುಂಕ ಇದರ ಮೇಲೆ.

ಮನೆಗೆ ಬಂದ ಮೇಲೆ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯುವುದು ಬೇಡ. ಕಣ್ಣಿಗೆ ಕಾಣದ ಬಿರುಕು ಅಲ್ಲಿ ಚಕ್ಕೆಯಾಗಿ ಏಳುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಂದಕ್ಕಿಂತ ಹೆಚ್ಚು ಮೊಟ್ಟೆ ಒಂದೇ ಸರದಲ್ಲಿ ಹಾಕುವುದಾದರೆ ನಡುವೆ ತಡೆಗೆ ಮಣಿ ಪೋಣಿಸಿ. ಕೊಂಡಿ ತೀರಾ ತೆಳುವಾಗಿದ್ದರೆ ಹಳೆಯದನ್ನು ಕತ್ತರಿಸಬೇಡಿ, ಅದರೊಳಗೆ ಇನ್ನೊಂದು ಬಳೆ ತೂರಿಸಿ ಭಾರವನ್ನು ಅದಕ್ಕೆ ಬಿಡಿ. ಆಗಲೇ ತುಂಡಾಗಿದ್ದರೆ ಆ ತುಂಡನ್ನು ಕಾಗದದಲ್ಲಿ ಸುತ್ತಿ, ಯಾವ ಮೊಟ್ಟೆಯದು, ಯಾವತ್ತು ಬಿಚ್ಚಿದ್ದು ಎಂದು ಬರೆದು ಅದೇ ಪೆಟ್ಟಿಗೆಯಲ್ಲಿಡಿ. ಅಕ್ಕಸಾಲಿಗರು ಹಳೆ ಚಿನ್ನದ ಲೆಕ್ಕಕ್ಕೆ ಹಿಡಿಯುತ್ತೇನೆಂದರೂ ಕೊಡಬೇಡಿ.